ಎರಡು ಗುಂಟೆಯ ಬೇಸಿಗೆ

ಬೇಸಿಗೆಯ ಕಾಯಿಪಲ್ಯದ ಲೆಕ್ಕಾಚಾರ ಶುರುವಾಗುವುದು ಬೇಸಿಗೆಯಲ್ಲಿ ಅಲ್ಲ, ಸಂಕ್ರಾಂತಿಯ ಆಸುಪಾಸಿನಲ್ಲಿ. ಅಷ್ಟೊತ್ತಿಗೆ ಗಿಲ್ಲೆಸುಗೂರು ಸುತ್ತಲಿನ ಎರೆ ಹೊಲಗಳಲ್ಲಿ ಹತ್ತಿ ಬಿಡಿಸುವ ಕೆಲಸ ಕೊನೆಯ ಸುತ್ತಿಗೆ ಬಂದಿರುತ್ತದೆ. ನೀರು ಹರಿಯುವ ಕಡೆ ನೆಲ್ಲು ಕೊಯ್ದಾಗಿ, ಹುಲ್ಲು ಬಣವೆಗೆ ಏರಿರುತ್ತದೆ. ಹೊಲದ ದೊಡ್ಡ ಕೆಲಸಗಳ ನಡುವಿನ ಈ ಬಿಡುವಿನಲ್ಲೇ ಮನೆಯ ಹೆಣ್ಣುಮಕ್ಕಳು ಪಂಪ್‌ಸೆಟ್ಟಿನ ಪಕ್ಕದ ಮೂಲೆಯನ್ನೋ, ಹಿತ್ತಲನ್ನೋ, ಕಾಲುವೆ ದಂಡೆಯ ಒಂದು ಪಟ್ಟಿಯನ್ನೋ ಹಸನು ಮಾಡಿ ಮಡಿ ಕಟ್ಟುತ್ತಾರೆ. ಸಂಕ್ರಾಂತಿಯ ಹೊತ್ತಿಗೆ ನೆಲಕ್ಕೆ ಬಿದ್ದ ಬೆಂಡೆ ಬೀಜ ಶಿವರಾತ್ರಿ ದಾಟುತ್ತಿದ್ದಂತೆ ಕಾಯಿ ಕೊಡಲು ಶುರು ಮಾಡುತ್ತದೆ. ಅದೇ ಬೀಜವನ್ನು ಶಿವರಾತ್ರಿಗೆ ಹಾಕಿದರೆ ಗಿಡ ಏಪ್ರಿಲ್ಲಿನ ನಲವತ್ತು ಡಿಗ್ರಿಯಲ್ಲಿ ಹೂ ಬಿಡಬೇಕು. ಬೇಸಿಗೆಯ ತೋಟ ಉಳಿಯುವುದೂ ಒಣಗುವುದೂ ಬಹುಮಟ್ಟಿಗೆ ಈ ಒಂದು ತಿಂಗಳ ಹೆಚ್ಚುಕಡಿಮೆಯಲ್ಲೇ ತೀರ್ಮಾನವಾಗಿಬಿಡುತ್ತದೆ.

ಗಿಲ್ಲೆಸುಗೂರು ರಾಯಚೂರು ತಾಲ್ಲೂಕಿನ ಹೋಬಳಿ ಕೇಂದ್ರ, ರಾಯಚೂರಿನಿಂದ ಮಂತ್ರಾಲಯಕ್ಕೆ ಹೋಗುವ ದಾರಿಯಲ್ಲಿರುವ ಊರು. ದಕ್ಷಿಣಕ್ಕೆ ತುಂಗಭದ್ರೆ, ಹೊಳೆಯಾಚೆ ಆಂಧ್ರ. ಸಂತೆಯಲ್ಲಿ ಚೌಕಾಸಿ ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿದರೂ ಇಲ್ಲಿ ಯಾರೂ ಗಮನಿಸುವುದಿಲ್ಲ. ಅದೇ ಹೊಳೆ ದಂಡೆಯ ಬಿಚ್ಚಾಲಿ, ರಾಘವೇಂದ್ರ ಸ್ವಾಮಿಗಳ ಶಿಷ್ಯರಾದ ಅಪ್ಪಣ್ಣಾಚಾರ್ಯರ ಊರೆಂದು ಯಾತ್ರಿಕರಿಗೆಲ್ಲ ಗೊತ್ತು. ತುಂಗಭದ್ರೆಯ ವಿಜಯನಗರ ಕಾಲದ ಕಾಲುವೆಗಳ ಪಟ್ಟಿಯಲ್ಲಿ ಹಂಪಿಯ ತುರ್ತು ಕಾಲುವೆ, ಗಂಗಾವತಿಯ ಕಾಲುವೆಗಳ ಜತೆ ಬಿಚ್ಚಾಲಿಯ ಹೆಸರೂ ಇದೆ ಎಂಬುದು ಅಷ್ಟು ಮಂದಿಗೆ ಗೊತ್ತಿಲ್ಲ. ಅಂದರೆ ಹೊಳೆಯ ನೀರನ್ನು ತಿರುಗಿಸಿ ಉಣ್ಣುವುದು ಈ ದಂಡೆಗೆ ಹೊಸತಲ್ಲ. ಆಮೇಲೆ 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಬಂತು, ಅದರ ಎಡದಂಡೆ ಕಾಲುವೆ ಸಿಂಧನೂರು, ಮಾನ್ವಿ ದಾಟಿ ರಾಯಚೂರು ತಾಲ್ಲೂಕಿನ ಕೊನೆ ಭಾಗಕ್ಕೆ ಬಂದು ಸೊರಗಿತು. ರಾಜೊಳ್ಳಿಬಂಡಾ ತಿರುವು ಯೋಜನೆಯ ಕಾಲುವೆಯೂ ರಾಯಚೂರು ತಾಲ್ಲೂಕಿನ ಮೂಲಕವೇ ತೆಲಂಗಾಣಕ್ಕೆ ಹೋಗುತ್ತದೆ. ಅದರ ಅಚ್ಚುಕಟ್ಟಿನಲ್ಲಿ ಕರ್ನಾಟಕದ ಪಾಲು 5,879 ಎಕರೆ, ತೆಲಂಗಾಣದ್ದು 87,500 ಎಕರೆ.

ಕೃಷ್ಣೆ ತುಂಗಭದ್ರೆಯರ ನಡುವೆ ಕೂತ ಜಿಲ್ಲೆಯಲ್ಲಿ ಇಷ್ಟೆಲ್ಲ ಕಾಲುವೆ ಇದ್ದ ಮೇಲೆ ಕಾಯಿಪಲ್ಯಕ್ಕೆ ಏನು ಬರ ಎಂದು ಹೊರಗಿನವರು ಕೇಳಬಹುದು. ನೀರು ಬಂದ ಕಡೆಗೆಲ್ಲ ನೆಲ್ಲು ಬಂತು. ಗದ್ದೆಯಲ್ಲಿ ನೀರು ನಿಲ್ಲಬೇಕು, ಬದನೆ ಬೆಂಡೆಯ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಸುತ್ತ ನಾಲ್ಕೂ ಕಡೆ ನೆಲ್ಲಿನ ಗದ್ದೆ ಇರುವಾಗ ನಡುವೆ ಒಬ್ಬರು ಕಾಯಿಪಲ್ಯ ಬೆಳೆಯುತ್ತೇನೆಂದರೆ ಪಕ್ಕದವರ ನೀರು ಬದು ದಾಟಿ ಬರುತ್ತದೆ. ವರ್ಷಗಟ್ಟಲೆ ನೀರು ನಿಂತ ನೆಲ ಸವಳಾಗುತ್ತದೆ. ಸವಳನ್ನು ನೆಲ್ಲು ಒಂದಿಷ್ಟು ತಾಳಿಕೊಂಡೀತು, ಹುರುಳಿಕಾಯಿ ಉಳ್ಳಾಗಡ್ಡಿ ತಾಳುವುದಿಲ್ಲ. ಹೀಗೆ ನೀರಾವರಿ ಬಂದಷ್ಟೂ ಮನೆಯ ಕಾಯಿಪಲ್ಯ ಹೊಲದ ನಡುವಿನಿಂದ ಅಂಚಿಗೆ, ಅಂಚಿನಿಂದ ಹಿತ್ತಲಿಗೆ, ಹಿತ್ತಲಿನಿಂದ ಸಂತೆಯ ಚೀಲಕ್ಕೆ ಸರಿಯಿತು.

ಅಂಚಿಗೆ ಸರಿದ ಈ ತುಂಡು ನೆಲ ಎಷ್ಟು ಮಾಡಬಲ್ಲದು ಎಂದು ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಎರಡು ಗುಂಟೆ ಎಂದರೆ ಸುಮಾರು 200 ಚದರ ಮೀಟರ್. ಇಂಗ್ಲೆಂಡಿನ ಊರುಗಳಲ್ಲಿ ಅಂಗಳವಿಲ್ಲದ ಮನೆಯವರಿಗೆ ಸ್ಥಳೀಯ ಆಡಳಿತ ವರ್ಷದ ಬಾಡಿಗೆಗೆ ಕೊಡುವ ತರಕಾರಿ ತುಂಡಿಗೆ ಅಲಾಟ್‌ಮೆಂಟ್ ಎನ್ನುತ್ತಾರೆ, ಅದರ ವಾಡಿಕೆಯ ಅಳತೆಯೂ ಸುಮಾರು 250 ಚದರ ಮೀಟರ್, ನಮ್ಮ ಎರಡೂವರೆ ಗುಂಟೆ. ಒಂದು ಮನೆಯ ತರಕಾರಿಗೆ ಸಾಕು ಎಂಬ ಅಂದಾಜಿನ ಮೇಲೆ ಹುಟ್ಟಿದ ಅಳತೆ ಅದು. ನಮ್ಮ ದೇಶದಲ್ಲಿ ತರಕಾರಿಯ ಸರಾಸರಿ ಇಳುವರಿ ಹೆಕ್ಟೇರಿಗೆ ಸುಮಾರು 18 ಟನ್. ಆ ಲೆಕ್ಕದಲ್ಲಿ ಎರಡು ಗುಂಟೆಗೆ ಒಂದು ಬೆಳೆಗೆ 360 ಕಿಲೋ ಬರಬೇಕು. ಬಿಸಿಲಿಗೆ, ಹುಳಕ್ಕೆ, ಪಕ್ಕದ ಮನೆಯ ಆಡಿಗೆ ಎಂದು ಅರ್ಧ ಬಿಟ್ಟರೂ 180 ಕಿಲೋ. ಮೂರು ತಿಂಗಳಿಗೆ ಹಂಚಿದರೆ ದಿನಕ್ಕೆ ಎರಡು ಕಿಲೋ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಒಬ್ಬ ವಯಸ್ಕರಿಗೆ ದಿನಕ್ಕೆ ಸೊಪ್ಪು ಸೇರಿ 400 ಗ್ರಾಂ ತರಕಾರಿ ಬೇಕು ಎನ್ನುತ್ತದೆ. ಐದು ಜನರ ಮನೆಗೆ ಎರಡು ಕಿಲೋ ಆಯಿತಲ್ಲ. ಕಾಗದದ ಮೇಲೆ ಇದು ಚಂದ ಕೂಡುತ್ತದೆ, ತೋಟ ಮಾತ್ರ ದಿನಕ್ಕೆ ಎರಡು ಕಿಲೋ ಎಂದು ತೂಗಿ ಕೊಡುವುದಿಲ್ಲ. ಮೊದಲ ತಿಂಗಳು ಸೊಪ್ಪು ಬಿಟ್ಟರೆ ಏನೂ ಇರುವುದಿಲ್ಲ, ಆಮೇಲೆ ಒಂದೇ ವಾರದಲ್ಲಿ ಬುಟ್ಟಿಗಟ್ಟಲೆ ಚವಳಿಕಾಯಿ. ಬೇಸಿಗೆಯ ಅಡುಗೆಮನೆ ಯಾಕೆ ಒಣಗಿಸಿಡುವುದನ್ನು ನಂಬಿದೆ ಎಂಬುದಕ್ಕೆ ಅರ್ಧ ಉತ್ತರ ಈ ಏರುಪೇರಿನಲ್ಲೇ ಇದೆ.

ನೀರಿನ ಲೆಕ್ಕವನ್ನೂ ಮಾಡಿಬಿಡೋಣ. ಏಪ್ರಿಲ್ ತಿಂಗಳಲ್ಲಿ ರಾಯಚೂರಿನ ಬಿಸಿಲಿಗೆ ಬೆಳೆ ದಿನಕ್ಕೆ ಆರು ಮಿಲಿಮೀಟರಿನಷ್ಟು ನೀರನ್ನು ಗಾಳಿಗೆ ಬಿಡುತ್ತದೆ, ಕೆಲವು ದಿನ ಅದಕ್ಕೂ ಹೆಚ್ಚು. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಎಂದರೆ ಒಂದು ಲೀಟರ್. ಎರಡು ಗುಂಟೆಗೆ ದಿನಕ್ಕೆ 1,200 ಲೀಟರ್, ಹದಿನೈದು ಲೀಟರಿನ ಎಂಬತ್ತು ಕೊಡ. ಹೊತ್ತು ಹಾಕುವವರಿಗೆ ಇದು ಸೊಂಟ ಮುರಿಯುವ ಲೆಕ್ಕ, ಪೈಪಿನಲ್ಲಿ ಬಿಡುವವರಿಗೆ ಏನೂ ಅಲ್ಲ. ಬೇಸಿಗೆ ನೆಲ್ಲಿಗೆ ಒಂದು ಎಕರೆಯಲ್ಲಿ 1,200 ಮಿಲಿಮೀಟರ್ ನೀರು ಹಿಡಿದರೂ ಸುಮಾರು 48 ಲಕ್ಷ ಲೀಟರ್ ಆಗುತ್ತದೆ. ತೊಂಬತ್ತು ದಿನಕ್ಕೆ ಎರಡು ಗುಂಟೆಯ ತೋಟಕ್ಕೆ ಬೇಕಾದ್ದು ಒಂದು ಲಕ್ಷದ ಚಿಲ್ಲರೆ. ಒಂದು ಎಕರೆ ನೆಲ್ಲಿನ ನೀರಿಗೆ ನಲವತ್ತಕ್ಕೂ ಹೆಚ್ಚು ಮನೆಗಳ ಕಾಯಿಪಲ್ಯ. ಆ ನೀರೂ ಕಡಿಮೆಯಾಗುತ್ತಿದೆ, ತುಂಗಭದ್ರಾ ಜಲಾಶಯದ ಸಾಮರ್ಥ್ಯ ಹೂಳು ತುಂಬಿ 133 ಟಿಎಂಸಿಯಿಂದ 105ರ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋದಾಗ ಎಡದಂಡೆಯ ಪ್ರತಿ ಹಳ್ಳಿಯಲ್ಲೂ ಎರಡನೇ ಬೆಳೆಯಾದ ಬೇಸಿಗೆ ನೆಲ್ಲಿನದೇ ಮಾತು. ಸಿಂಧನೂರು, ಮಾನ್ವಿಯಲ್ಲಿ ಎರಡನೇ ಬೆಳೆಗೆ ನೀರು ಬಿಡಿ ಎಂದು ರಸ್ತೆಗೆ ಇಳಿದವರಿದ್ದಾರೆ, ಕಾಯಿಪಲ್ಯಕ್ಕೆ ನೀರು ಬಿಡಿ ಎಂದು ಇಳಿದವರನ್ನು ನಾನು ಕೇಳಿಲ್ಲ. ಕೇಳುವುದಾದರೆ ಅದು ಹೆಂಗಸರು ಕೇಳಬೇಕಾದ ನೀರು, ಮತ್ತು ಕಾಲುವೆ ಮಂಡಳಿಗಳಲ್ಲಿ ಅವರ ದನಿ ಕಡಿಮೆ.

ನೆಲದ ಮಾತಿಗೆ ಬಂದರೆ ತೊಡಕು ಇನ್ನೂ ಒಂದಿದೆ. ಇಂಗ್ಲೆಂಡಿನಲ್ಲಿ ಅಲಾಟ್‌ಮೆಂಟಿಗೆ 1908ರ ಕಾಯ್ದೆಯ ಬಲವಿದೆ, ಜನ ಕೇಳಿದರೆ ಸ್ಥಳೀಯ ಆಡಳಿತ ಜಾಗ ಒದಗಿಸಬೇಕು. ನಮ್ಮಲ್ಲಿ 1974ರ ಭೂಸುಧಾರಣೆ ತಿದ್ದುಪಡಿ ಗೇಣಿ ಪದ್ಧತಿಯನ್ನೇ ತೆಗೆದುಹಾಕಿತು. ಉಳುವವನಿಗೆ ನೆಲ ಸಿಗಲಿ ಎಂದು ಮಾಡಿದ ಕಾನೂನು ಅದು, ಅದರಿಂದ ಆದ ಒಳ್ಳೆಯದು ಸಣ್ಣದಲ್ಲ. ಆದರೆ ನೆಲವಿಲ್ಲದ ಕೂಲಿ ಹೆಂಗಸು ಇವತ್ತು ಎರಡು ಗುಂಟೆ ಹಿಡಿದು ಕಾಯಿಪಲ್ಯ ಬೆಳೆಯಬೇಕೆಂದರೆ ಅದು ಬಾಯಿಮಾತಿನಲ್ಲೇ ನಡೆಯಬೇಕು. ‘ಈ ಮೂಲ್ಯಾಗ ಹಾಕ್ಕೋ ಯವ್ವಾ, ನನಗೂ ನಾಕು ಸೂಡು ಪಲ್ಯ ಕೊಡು’ ಎಂಬ ಒಪ್ಪಂದಕ್ಕೆ ಪತ್ರವಿಲ್ಲ, ಮುಂದಿನ ವರ್ಷದ ಭರವಸೆಯೂ ಇಲ್ಲ. ಭರವಸೆ ಇಲ್ಲದ ನೆಲಕ್ಕೆ ಯಾರೂ ಎರಡು ಬಂಡಿ ತಿಪ್ಪೆಗೊಬ್ಬರ ಹಾಕುವುದಿಲ್ಲ, ನುಗ್ಗೆ ಕರಿಬೇವು ನೆಡುವುದಿಲ್ಲ. ಸರಕಾರದ ಪೌಷ್ಟಿಕ ಕೈತೋಟಗಳು ಈ ಕೊರತೆಯನ್ನು ಒಂದಿಷ್ಟು ತುಂಬುತ್ತವೆ, ಆದರೆ ಅವಕ್ಕೂ ಹಿತ್ತಲು ಬೇಕು. ಶಾಲೆಯ ಕೈತೋಟಗಳದ್ದು ಇನ್ನೊಂದು ಕತೆ. 2002ರಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಮೊದಲು ಬಂದ ಏಳು ಜಿಲ್ಲೆಗಳಲ್ಲಿ ರಾಯಚೂರೂ ಒಂದು. ಶಾಲೆಯಂಗಳದಲ್ಲಿ ಪಾಲಕ್, ನುಗ್ಗೆ ಬೆಳೆದು ಸಾಂಬಾರಿಗೆ ಹಾಕುವ ಶಾಲೆಗಳು ಇವೆ. ಏಪ್ರಿಲ್ ಎರಡನೇ ವಾರಕ್ಕೆ ರಜೆ, ನೀರು ಹಾಕುವ ಮಕ್ಕಳಿಲ್ಲ, ರಜೆ ಮುಗಿದು ಬಾಗಿಲು ತೆಗೆದಾಗ ಕಡ್ಡಿಗಳು ಮಾತ್ರ ನಿಂತಿರುತ್ತವೆ.

ಇನ್ನು ಏನು ಹಾಕಬೇಕು ಎಂಬ ಪ್ರಶ್ನೆ. ಪೇಟೆಯ ಅಡುಗೆಯನ್ನು ತಲೆಯಲ್ಲಿಟ್ಟುಕೊಂಡು ತೋಟ ಮಾಡಿದವರು ಮೊದಲು ಟೊಮೆಟೊ ಹಾಕುತ್ತಾರೆ, ಮೊದಲು ಕೈ ಸುಟ್ಟುಕೊಳ್ಳುವವರೂ ಅವರೇ. ಹಗಲು 35 ಡಿಗ್ರಿ ದಾಟಿ, ರಾತ್ರಿಯೂ 25ರ ಕೆಳಗೆ ಇಳಿಯದಿದ್ದರೆ ಟೊಮೆಟೊ ಹೂವಿನ ಪರಾಗ ಜಳ್ಳಾಗುತ್ತದೆ. ಹೂ ಬಿಡುತ್ತದೆ, ಉದುರುತ್ತದೆ, ಕಾಯಿ ಕಚ್ಚುವುದಿಲ್ಲ. ಗೊಬ್ಬರ ಸಾಲದೆ ಹೀಗಾಯಿತು ಎಂದು ಯೂರಿಯಾ ಹಾಕಿದರೆ ಗಿಡ ಇನ್ನಷ್ಟು ಎಲೆ ಬಿಟ್ಟು ಅಣಕಿಸುತ್ತದೆ. ಬೇಸಿಗೆಯಲ್ಲಿ ಟೊಮೆಟೊ ಎಂದರೆ ಕೋಲಾರ, ಮದನಪಲ್ಲಿಯ ಮಾರುಕಟ್ಟೆಗಳ ಹೆಸರು ಕೇಳಿಬರುವುದು ಸುಮ್ಮನೆ ಅಲ್ಲ. ಕೋಲಾರ ಸಮುದ್ರಮಟ್ಟದಿಂದ ಎಂಟುನೂರು ಮೀಟರಿಗೂ ಮೇಲಿದೆ, ರಾಯಚೂರು ನಾನೂರರ ಆಸುಪಾಸಿನಲ್ಲಿದೆ. ಆ ನಾನೂರು ಮೀಟರಿನ ತಂಪು ರಾತ್ರಿಯೇ ಅವರ ಬಂಡವಾಳ. ನಮ್ಮಲ್ಲಿ ಟೊಮೆಟೊ ಬೇಕಾದವರು ನವೆಂಬರಿನಲ್ಲಿ ಸಸಿ ನೆಟ್ಟು ಮಾರ್ಚಿಗೆ ಮುಗಿಸಬೇಕು. ಹಸಿಮೆಣಸಿನಕಾಯಿಯೂ ಹೆಚ್ಚುಕಡಿಮೆ ಇದೇ ಜಾತಕದ್ದು. ಪಾಲಕ್, ಕೊತ್ತಂಬರಿ ಬಿಸಿಲು ಏರಿದಂತೆ ಎಲೆ ಬಿಡುವುದನ್ನು ನಿಲ್ಲಿಸಿ ಹೂವಿಗೆ ಓಡುತ್ತವೆ. ಕೊತ್ತಂಬರಿ ಬೇಕೇ ಬೇಕೆಂದರೆ ಕಾಳನ್ನು ಎರಡು ಹೋಳಾಗುವಂತೆ ಮೆಲ್ಲಗೆ ಉಜ್ಜಿ, ನೆನೆಸಿ, ಹೀರೆ ಚಪ್ಪರದ ನೆರಳಿನಲ್ಲಿ ಒತ್ತಾಗಿ ಚೆಲ್ಲಿ, ಎಳೆಯದಿರುವಾಗಲೇ ಕಿತ್ತುಬಿಡಬೇಕು. ಮೆಂತ್ಯಕ್ಕೂ ಅದೇ ಉಪಾಯ.

ಬಿಸಿಲನ್ನು ಹೊರೆಯೆಂದು ನೋಡದ ಗಿಡಗಳೂ ಇವೆ. ರಾಜಗಿರಿ, ಕಿರಕಸಾಲಿ, ಗೋಳಿ ಪಲ್ಯ ಈ ಸಾಲಿಗೆ ಸೇರಿದವು. ಇದರ ಹಿಂದೆ ಒಂದು ಸೊಗಸಾದ ವಿಜ್ಞಾನವಿದೆ. ಗಿಡ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹಿಡಿದು ಸಕ್ಕರೆ ಮಾಡುವಾಗ ಅದನ್ನು ಹಿಡಿಯುವ ಕಿಣ್ವ ಬಿಸಿ ಹೆಚ್ಚಾದಷ್ಟೂ ಎಡವಟ್ಟು ಮಾಡುತ್ತದೆ, ಇಂಗಾಲದ ಬದಲು ಆಮ್ಲಜನಕವನ್ನು ಹಿಡಿದುಬಿಡುತ್ತದೆ. ನೆಲ್ಲು, ಟೊಮೆಟೊ, ಪಾಲಕ್, ಬದನೆ ಎಲ್ಲಕ್ಕೂ ಈ ನಷ್ಟ ಇದೆ. ಸಿ4 ಎಂದು ಕರೆಯುವ ಬಗೆಯ ಗಿಡಗಳು ಇಂಗಾಲವನ್ನು ಮೊದಲು ಬೇರೆ ದಾರಿಯಲ್ಲಿ ಒಟ್ಟುಮಾಡಿ, ಆ ಕಿಣ್ವದ ಬಾಯಿಗೇ ತಂದು ಕೊಡುತ್ತವೆ. ಹಾಗಾಗಿ ಎಲೆಯ ರಂಧ್ರಗಳನ್ನು ಅಷ್ಟಾಗಿ ತೆರೆದಿಡಬೇಕಿಲ್ಲ, ನೀರು ಕಡಿಮೆ ಸಾಕು. ಜೋಳ ಸಿ4, ರಾಜಗಿರಿ ಸಿ4, ಗೋಳಿಯಂತೂ ಸಿ4 ಆಗಿದ್ದೂ ನೀರು ತೀರಾ ಕಡಿಮೆಯಾದರೆ ರಾತ್ರಿ ರಂಧ್ರ ತೆರೆಯುವ ಪಾಪಸುಕಳ್ಳಿಯ ಉಪಾಯವನ್ನೂ ಬಲ್ಲದು. ಜೋಳದ ರೊಟ್ಟಿ, ರಾಜಗಿರಿ ಪಲ್ಯ, ಗೋಳಿ ಪಲ್ಯದ ಬ್ಯಾಳಿ ಇರುವ ತಟ್ಟೆಯನ್ನು ಬಡವರ ಊಟ ಎನ್ನುವವರು ಅದು ಈ ಹವಾಮಾನಕ್ಕೆ ಎಷ್ಟು ಲೆಕ್ಕಬದ್ಧವಾಗಿ ಹೊಂದಿದೆ ಎಂದು ನೋಡಬೇಕು. ರಾಜಗಿರಿ ಬಿತ್ತಿದ ಇಪ್ಪತ್ತೈದು ದಿನಕ್ಕೆ ಕೀಳಬಹುದು, ತುದಿ ಚಿವುಟಿ ಬಿಟ್ಟರೆ ಮತ್ತೆ ಚಿಗುರುತ್ತದೆ. ಗೋಳಿಯನ್ನು ಯಾರೂ ಬಿತ್ತುವುದಿಲ್ಲ, ನೀರು ಹಾಕಿದ ಮಡಿಯಲ್ಲಿ ತಾನೇ ಹುಟ್ಟುತ್ತದೆ. ಕಳೆ ಎಂದು ಕಿತ್ತು ಬದುವಿಗೆ ಎಸೆಯುವುದು ಹೊಸಬರ ಲಕ್ಷಣ.

ಪುಂಡಿ ಪಲ್ಯದ ಗುಟ್ಟು ಬೇರೆ. ಅದು ಹಗಲು ಸಣ್ಣದಾದಾಗ ಹೂ ಬಿಡುವ ಗಿಡ. ಮುಂಗಾರಿನಲ್ಲಿ ಹೊಲದ ಅಂಚಿಗೆ ಹಾಕಿದ್ದು ಚಳಿಗಾಲದ ಹೊತ್ತಿಗೆ ಹೂವಾಗಿ, ನಾರಾಗಿ ಹೋಗುತ್ತದೆ. ಹಗಲು ಉದ್ದವಾಗುವ ಫೆಬ್ರವರಿ, ಮಾರ್ಚಿನಲ್ಲಿ ನೀರಿನ ಮಡಿಗೆ ಹಾಕಿದರೆ ಹೂವಿನ ಯೋಚನೆಯಿಲ್ಲದೆ ಎಲೆಯನ್ನಷ್ಟೇ ಬಿಡುತ್ತ ಮಳೆಗಾಲದವರೆಗೂ ಇರುತ್ತದೆ. ಕೆಳಗಿನ ಎಲೆ ಬಿಡಿಸುತ್ತ ಹೋದರೆ ಸಾಕು.

ಚವಳಿಕಾಯಿ ಆಳಕ್ಕೆ ಬೇರಿಳಿಸುವ, ಮಸಾರಿ ನೆಲದಲ್ಲೂ ಕಡಿಮೆ ನೀರಲ್ಲಿ ಬದುಕುವ ಬೆಳೆ. ಇದರ ಬೀಜದ ಅಂಟು ನೆಲದಾಳದ ತೈಲ, ಅನಿಲ ತೆಗೆಯುವ ಉದ್ಯಮಕ್ಕೆ ಬೇಕಾಗಿ 2012ರ ಸುಮಾರಿಗೆ ರಾಜಸ್ಥಾನದಲ್ಲಿ ಬೆಲೆ ಆಕಾಶಕ್ಕೇರಿತ್ತು. ನಮ್ಮಲ್ಲಿ ಮಾತ್ರ ಚವಳಿ ಪಲ್ಯವಾಗಿಯೇ ಉಳಿದಿದೆ, ಅದೇ ಸರಿ. ಬೆಂಡೆಯೂ ಬಿಸಿಲಿನ ಬೆಳೆಯೇ, ಆದರೆ ರಾಯಚೂರಿನಲ್ಲಿ ಅದಕ್ಕೊಂದು ಕೌಟುಂಬಿಕ ಕಷ್ಟವಿದೆ. ಹತ್ತಿ, ಬೆಂಡೆ, ಪುಂಡಿ ಮೂರೂ ಒಂದೇ ಕುಟುಂಬದ ಗಿಡಗಳು. ಊರ ತುಂಬ ಹತ್ತಿ ಕಿತ್ತ ಮೇಲೆ ಅದರ ಮೇಲಿದ್ದ ಬಿಳಿನೊಣ, ಜಿಗಿಹುಳುವಿಗೆ ಹಸಿರಾಗಿ ಕಾಣುವ ನೆಂಟರ ಮನೆ ನಿಮ್ಮ ಬೆಂಡೆಯ ಮಡಿ ಒಂದೇ. ಬಿಳಿನೊಣ ಹಳದಿ ನಂಜನ್ನು ತರುತ್ತದೆ, ಎಲೆಯ ನರಗಳು ಹಳದಿಯಾಗಿ ಕಾಯಿಯೂ ಬಿಳಿಚುತ್ತದೆ. ಅಂಥ ಗಿಡವನ್ನು ಕಂಡ ದಿನವೇ ಕಿತ್ತು ಹೂಳಬೇಕು, ಮದ್ದಿಲ್ಲ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ತಳಿಯನ್ನು ಈ ರೋಗ ತಡೆಯಲೆಂದೇ ಬೆಳೆಸಿದ್ದು. ಬೇಸಿಗೆಗೆ ಬೀಜ ಕೊಳ್ಳುವವರು ಅಂಥ ತಳಿಯನ್ನು ಕೇಳಿ ಕೊಳ್ಳುವುದು ಒಳ್ಳೆಯದು.

ಹತ್ತಿಯಿಂದ ತೋಟಕ್ಕೆ ಒಂದು ಉಪಕಾರವೂ ಇದೆ. ಹೀರೆ, ಹಾಗಲದ ಬಳ್ಳಿ ಹಬ್ಬಿಸಲು ಹತ್ತಿಕಟ್ಟಿಗೆಗಿಂತ ಅಗ್ಗದ ಚಪ್ಪರವಿಲ್ಲ. ಆದರೆ ಕಟ್ಟಿಗೆಯಲ್ಲಿ ಒಡೆಯದೆ ಉಳಿದ ಒಣಕಾಯಿಗಳ ಒಳಗೆ ಗುಲಾಬಿ ಕಾಯಿಕೊರಕ ಮಲಗಿರುತ್ತದೆ. ಚಪ್ಪರ ಕಟ್ಟುವ ಮೊದಲು ಆ ಕಾಯಿಗಳನ್ನೆಲ್ಲ ಉದುರಿಸಿ ಸುಡದಿದ್ದರೆ ಮುಂದಿನ ಹಂಗಾಮಿನ ಹತ್ತಿಗೆ ಪೀಡೆಯನ್ನು ಹಿತ್ತಲಲ್ಲೇ ಸಾಕಿದಂತೆ. ನೆಲ್ಲಿನ ಕಡೆಯಿಂದ ಬರುವ ಉಪಕಾರ ಹುಲ್ಲು. ಎರೆ ನೆಲ ಬಿಸಿಲಿಗೆ ಬಿರಿಯುತ್ತದೆ, ಬಿರುಕಿಗೆ ಬಿಟ್ಟ ನೀರು ಬೇರನ್ನು ದಾಟಿ ಕೆಳಗೆ ಹೋಗುತ್ತದೆ. ಗಿಡದ ಬುಡಕ್ಕೆ ಒಂದು ಗೇಣು ಹುಲ್ಲು ಹಾಸಿದರೆ ನೆಲ ಬಿರಿಯುವುದೂ ಕಡಿಮೆ, ನೀರಿನ ಖರ್ಚೂ ಕಡಿಮೆ. ನೀರು ಬಿಡುವುದು ಸಂಜೆ, ಇಲ್ಲವೇ ಬೆಳಕು ಹರಿಯುವ ಮುಂಚೆ. ಮಧ್ಯಾಹ್ನ ಹೀರೆ ಎಲೆ ಜೋತುಬಿದ್ದದ್ದನ್ನು ನೋಡಿ ಗಾಬರಿಯಾಗಿ ಓಡಬೇಕಿಲ್ಲ, ನೆಲದಲ್ಲಿ ಹಸಿ ಇದ್ದರೂ ಆ ಹೊತ್ತಿನಲ್ಲಿ ಎಲೆ ಜೋಲುತ್ತದೆ. ಸಂಜೆಗೂ ಏಳದಿದ್ದರೆ ಆಗ ನೀರು. ಕೊಡ ಹೊತ್ತು ಬೆಳೆಯುವವರಿಗೆ ಇನ್ನೊಂದು ಹಳೆಯ ಉಪಾಯವಿದೆ. ಸುಟ್ಟ ಮಣ್ಣಿನ ಮಡಕೆಯನ್ನು ಕೊರಳವರೆಗೆ ಹೂತು, ನೀರು ತುಂಬಿ, ಬಾಯಿ ಮುಚ್ಚಿ, ಸುತ್ತ ನಾಲ್ಕು ಬಳ್ಳಿಯ ಬೀಜ ಹಾಕುವುದು. ಮಡಕೆ ಬೆವರಿದಷ್ಟನ್ನೇ ಬೇರು ಕುಡಿಯುತ್ತದೆ. ಎರಡು ಸಾವಿರ ವರ್ಷದ ಹಿಂದಿನ ಚೀನೀ ಕೃಷಿ ಗ್ರಂಥವೊಂದರಲ್ಲೂ ಬಳ್ಳಿಗಳಿಗೆ ಇದೇ ವಿಧಾನ ಹೇಳಿದೆ.

ಬಳ್ಳಿಗಳ ವಿಷಯದಲ್ಲಿ ಜನ ಸುಮ್ಮನೆ ತಲೆ ಕೆಡಿಸಿಕೊಳ್ಳುವುದು ಹೂವಿದೆ ಕಾಯಿಯಿಲ್ಲ ಎಂದು. ಹೀರೆ, ಸೌತೆ, ಸೋರೆಗಳಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಬಿಸಿಲು ಹೆಚ್ಚಿ ಹಗಲು ಉದ್ದವಾದಷ್ಟೂ ಗಂಡು ಹೂ ಹೆಚ್ಚು. ಹೀರೆ ಹೂ ಅರಳುವುದು ಸಂಜೆ, ಸೌತೆಯದು ಬೆಳಗ್ಗೆ. ಜೇನು ಕಡಿಮೆಯಾದ ಕಡೆ ಸಂಜೆ ಐದರ ಮೇಲೆ ಗಂಡು ಹೂವೊಂದನ್ನು ಕಿತ್ತು, ಬುಡದಲ್ಲಿ ಪುಟ್ಟ ಕಾಯಿಯಿರುವ ಹೆಣ್ಣು ಹೂವಿಗೆ ಮುಟ್ಟಿಸಿದರೆ ಕಾಯಿ ಕಚ್ಚುತ್ತದೆ. ನೀರು ಏರುಪೇರಾದರೆ ಸೌತೆ, ಹೀರೆ ಕಹಿಯಾಗುವುದುಂಟು. ಹೆಚ್ಚುವ ಮೊದಲು ಎರಡೂ ತುದಿಯ ಚೂರನ್ನು ನಾಲಗೆಗೆ ಮುಟ್ಟಿಸುವ ಅಜ್ಜಿಯರ ಪದ್ಧತಿ ಬರೀ ರುಚಿಗಲ್ಲ. ಸೋರೆ ಕಹಿಯಾಗಿದ್ದರೆ ಮರುಮಾತಿಲ್ಲದೆ ಬಿಸಾಡಬೇಕು, ಅದರಲ್ಲಿರುವ ಕುಕರ್ಬಿಟಾಸಿನ್ ವಿಷ ಬೇಯಿಸಿದರೆ ಹೋಗುವುದಿಲ್ಲ. ಕಹಿ ಸೋರೆಯ ರಸ ಕುಡಿಯಬಾರದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮಿತಿಯೂ ಎಚ್ಚರಿಸಿದೆ.

ಇಷ್ಟು ಬೆಳೆದ ಮೇಲೆ ಒಲೆಯ ಮಾತು. ಈ ಕಡೆ ಬೇಸಿಗೆಯಲ್ಲಿ ಅಡುಗೆ ಬೆಳಗ್ಗೆ ಎಂಟರೊಳಗೆ ಮುಗಿಯಬೇಕು, ಆಮೇಲೆ ತಗಡಿನ ಮನೆಯೊಳಗೆ ಒಲೆಯ ಮುಂದೆ ಕೂರಲು ಆಗುವುದಿಲ್ಲ. ರೊಟ್ಟಿ ಬಡಿದಿಟ್ಟರೆ ರಾತ್ರಿಯವರೆಗೂ ಸರಿ. ಪಲ್ಯ ಮಾತ್ರ ಮಧ್ಯಾಹ್ನಕ್ಕೆ ಹಳಸಬಾರದು. ಈ ಷರತ್ತನ್ನು ಪಾಲಿಸುವುದರಲ್ಲಿ ಪುಂಡಿ ಪಲ್ಯವನ್ನು ಮೀರಿಸಿದ್ದಿಲ್ಲ, ಅದರ ಹುಳಿಯೇ ಅದನ್ನು ಕಾಯುತ್ತದೆ. ಮಾಡುವುದು ಕಷ್ಟವಿಲ್ಲ. ಎಲೆ ಬಿಡಿಸಿ ತೊಳೆದು, ಒಂದು ಕುದಿ ಬೇಯಿಸಿ, ಹುಳಿ ಜಾಸ್ತಿಯೆನಿಸಿದರೆ ಆ ನೀರು ಹಿಂಡಿ ಚೆಲ್ಲಬೇಕು. ತೊಗರಿಬೇಳೆ, ಒಂದು ಹಿಡಿ ಜೋಳದ ನುಚ್ಚು, ನೆನೆಸಿದ ಶೇಂಗಾ, ಹಸಿಮೆಣಸಿನಕಾಯಿ ಬೇಯುವಾಗ ಈ ಸೊಪ್ಪನ್ನು ಸೇರಿಸಿ, ಕಡಗೋಲಿನಿಂದ ಅರ್ಧಂಬರ್ಧ ಕಡೆಯಬೇಕು. ನಯವಾಗಬಾರದು, ನುಚ್ಚು ಹಲ್ಲಿಗೆ ಸಿಗಬೇಕು. ಶೇಂಗಾ ಎಣ್ಣೆಯಲ್ಲಿ ಬೆಳ್ಳೊಳ್ಳಿಯನ್ನು ಕೆಂಪಗಾಗುವಷ್ಟು ಹುರಿದು ಒಗ್ಗರಣೆ, ಬೆಳ್ಳೊಳ್ಳಿಯಲ್ಲಿ ಜಿಪುಣತನ ಬೇಡ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಇದನ್ನು ಮಾಡಬೇಡಿ, ಹುಳಿ ಲೋಹವನ್ನು ತಿನ್ನುತ್ತದೆ. ಮಣ್ಣಿನ ಗಡಿಗೆ ಉತ್ತಮ, ಸ್ಟೀಲು ಪರವಾಗಿಲ್ಲ. ಹೊಳೆಯಾಚೆ ಇದೇ ಸೊಪ್ಪು ಗೋಂಗೂರವಾಗಿ, ಎಣ್ಣೆಯಲ್ಲಿ ಮುಳುಗಿ, ಬಿಳಿ ಅನ್ನದ ಜತೆ ಬರುತ್ತದೆ. ಅದೂ ಚಂದವೇ. ಜೋಳದ ಸಂಗಟಿಗೆ ಮಾತ್ರ ಈಚೆ ದಂಡೆಯದೇ ಸೈ.

ಚವಳಿಕಾಯಿಗೆ ಒಂದು ಸಣ್ಣ ಒಗರು ಕಹಿ ಇದೆ. ಹಾಗಾಗಿ ಅದಕ್ಕೆ ಗುರೆಳ್ಳು ಪುಡಿಯೋ ಶೇಂಗಾ ಪುಡಿಯೋ ಬೇಕು, ಹುಣಸೆ ಬೆಲ್ಲದ ಒಂದು ಚೂರು ಬೇಕು. ಬಲಿತದ್ದು ಎಷ್ಟು ಬೇಯಿಸಿದರೂ ನಾರು, ಬೆರಳಲ್ಲಿ ಮುರಿದರೆ ಟಕ್ಕೆನ್ನಬೇಕು. ಹೀರೆಕಾಯಿಯನ್ನು ಹೆಸರುಬೇಳೆಯ ಜತೆ ನೀರು ಹಾಕದೆ ಬೇಯಿಸಿದರೆ ತನ್ನ ನೀರಲ್ಲೇ ಬೇಯುತ್ತದೆ, ಹೆರೆದ ಸಿಪ್ಪೆ ಎಳ್ಳು ಮೆಣಸಿನಕಾಯಿ ಜತೆ ಹುರಿದು ಚಟ್ನಿ. ಬದನೆಗೆ ಎಣ್ಣೆಗಾಯಿ ಎಂಬ ಕೀರ್ತಿ ಇದೆಯಾದರೂ ಅದು ಚಳಿಗಾಲದ ಎಳೆ ಬದನೆಗೆ ಸಲ್ಲಬೇಕಾದ್ದು. ಏಪ್ರಿಲ್ಲಿನ ಬದನೆಯಲ್ಲಿ ಬೀಜ ಗಟ್ಟಿ, ಕಹಿ ಜಾಸ್ತಿ. ಅದನ್ನು ಕೆಂಡದಲ್ಲಿ ಸುಟ್ಟು, ಸಿಪ್ಪೆ ತೆಗೆದು, ಹಸಿ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಗಟ್ಟಿ ಮೊಸರು ಬೆರೆಸಿದರೆ ಬೇಸಿಗೆಗೆ ಸರಿಹೋಗುತ್ತದೆ. ಇನ್ನು ಮಡಿಯ ಅಂಚಿನಲ್ಲಿ ತಾನೇ ಹುಟ್ಟುವ ಹಕ್ಕರಕಿ, ಎಳೆ ಮೆಂತ್ಯ, ಉಳ್ಳಾಗಡ್ಡಿ ತಪ್ಪಲು, ಸೌತೆ ಇವನ್ನು ಬೇಯಿಸುವ ಗೋಜೇ ಇಲ್ಲ. ತೊಳೆದು, ಶೇಂಗಾ ಹಿಂಡಿ ಮೊಸರಿನ ಜತೆ ರೊಟ್ಟಿಯ ಪಕ್ಕ ಇಟ್ಟರೆ ಆಯಿತು. ಸಲಾಡ್ ಎಂದು ಬೆಂಗಳೂರಿನ ಹೋಟೆಲಿನಲ್ಲಿ ಬೆಲೆ ಕಟ್ಟಿ ಕೊಡುವುದನ್ನು ಇಲ್ಲಿ ಹೊಲದ ಬದುವಿನ ಮೇಲೆ ಕೂತು ತಿನ್ನುತ್ತಾರೆ. ಕೀಟನಾಶಕ ಹೊಡೆದ ಹತ್ತಿ, ನೆಲ್ಲಿನ ಹೊಲದ ಅಂಚಿನದ್ದಾದರೆ ಮಾತ್ರ ಹಸಿ ತಿನ್ನಬಾರದು.

ಏರುಪೇರಿನ ಇಳುವರಿಗೆ ಬಿಸಿಲೇ ಪರಿಹಾರ. ಮಾರ್ಚ್ ಕೊನೆಯಲ್ಲಿ ಚವಳಿಕಾಯಿ ಬುಟ್ಟಿ ತುಂಬಿ ಬಂದಾಗ ಓಣಿಯಲ್ಲಿ ಹಂಚಿ ಉಳಿದದ್ದನ್ನು ಮಾಳಿಗೆಗೆ ಏರಿಸಬೇಕು. ಉಪ್ಪು ಹಾಕಿದ ಹುಳಿ ಮಜ್ಜಿಗೆಯಲ್ಲಿ ಒಂದು ಕುದಿ ಬರಿಸಿ, ಬಸಿದು, ಹಳೆಯ ಪಂಚೆಯ ಮೇಲೆ ಹರವಿದರೆ ರಾಯಚೂರಿನ ಒಣ ಗಾಳಿಯಲ್ಲಿ ಎರಡು ಮೂರು ದಿನಕ್ಕೆ ಕಟಕಟ ಒಣಗುತ್ತದೆ. ಕುದಿಸುವುದು ಯಾಕೆಂದರೆ ಕಾಯಿಯೊಳಗಿನ ಕಿಣ್ವಗಳು ನಿಂತು, ಆಮೇಲೆ ಬಣ್ಣ ರುಚಿ ಕೆಡುವುದು ತಪ್ಪುತ್ತದೆ. ಹಸಿಮೆಣಸಿನಕಾಯಿಯನ್ನೂ ಸೀಳಿ ಹೀಗೇ ಬಾಳಕ ಮಾಡುವುದು. ಮೆಂತ್ಯ ಪುಂಡಿಯ ಎಲೆಗಳನ್ನು ಮಾತ್ರ ನೇರ ಬಿಸಿಲಿಗೆ ಹಾಕದೆ ನೆರಳಿನಲ್ಲಿ ಒಣಗಿಸಬೇಕು, ಬಿಸಿಲು ಅವುಗಳ ಎ ವಿಟಮಿನ್ನನ್ನು ಕೊಲ್ಲುತ್ತದೆ. ಡಬ್ಬಿಗೆ ತುಂಬುವ ಮೊದಲು ಒಂದು ರಾತ್ರಿ ಮನೆಯೊಳಗೆ ಆರಬೇಕು, ಬಿಸಿಬಿಸಿ ತುಂಬಿದರೆ ಒಳಗೆ ಬೆವರಿ ಬೂಸು ಹಿಡಿಯುತ್ತದೆ. ಈ ಡಬ್ಬಿಗಳು ಕೆಲಸಕ್ಕೆ ಬರುವುದು ಆಷಾಢದಲ್ಲಿ, ಬಿತ್ತನೆ ನಡೆದಿರುವಾಗ, ಸಂತೆಯಲ್ಲಿ ಕಾಯಿಪಲ್ಯದ ಬೆಲೆ ಏರಿರುವಾಗ.

ಏಪ್ರಿಲ್ ಮಧ್ಯದ ಅಶ್ವಿನಿಯಿಂದ ಅಡ್ಡಮಳೆಗಳ ಸರದಿ. ಬಿದ್ದರೂ ಬಿದ್ದೀತು, ಗಾಳಿಯೊಂದೇ ಬೀಸಿ ಚಪ್ಪರ ಕೆಡವಿದರೂ ಕೆಡವೀತು. ಮೇ ಕೊನೆಯ ರೋಹಿಣಿಯ ಹೊತ್ತಿಗೆ ಬೆಂಡೆ ಸೊರಗಿರುತ್ತದೆ, ಹೀರೆ ಬಳ್ಳಿಯ ಬುಡದ ಎಲೆಗಳು ಒಣಗಿರುತ್ತವೆ. ಬೀಜಕ್ಕೆ ಬಿಡುವುದಾದರೆ ಮೊದಮೊದಲು ಬಿಟ್ಟ, ರೋಗವಿಲ್ಲದ ಗಿಡದ ಕಾಯಿಯನ್ನೇ ಬಿಡಬೇಕು. ಕೊನೆಗೆ ಉಳಿದ ಸಣಕಲು ಕಾಯಿಯನ್ನು ಬೀಜಕ್ಕೆಂದು ಬಿಡುವುದು ಎಲ್ಲ ಮನೆಗಳಲ್ಲೂ ಆಗುವ ಸೋಮಾರಿತನ. ಹೀರೆ ಬಳ್ಳಿಯಲ್ಲೇ ಒಣಗಿ ಅಲ್ಲಾಡಿಸಿದರೆ ಗಲಗಲ ಎನ್ನುವಾಗ ಕೀಳಬೇಕು, ಬೆಂಡೆ ಸೀಳುವ ಮುಂಚೆ. ಅಂಗಡಿಯ ಹೈಬ್ರಿಡ್ ಪ್ಯಾಕೆಟ್ಟಿನ ಗಿಡದಿಂದ ಬೀಜ ಇಡಬೇಡಿ, ಮುಂದಿನ ಸಲ ಅಪ್ಪನಂತೆಯೂ ಇರುವುದಿಲ್ಲ ಅವ್ವನಂತೆಯೂ ಇರುವುದಿಲ್ಲ. ಬೂದಿ ಬೆರೆಸಿ ಗಡಿಗೆಯಲ್ಲಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಒಲೆಯಿಂದ ದೂರ ಇಡಿ. ಜೂನ್ ಮೊದಲ ವಾರದ ಮಿರಗಕ್ಕೆ ಮಡಿಯ ಹುಲ್ಲನ್ನು ಮಣ್ಣಿಗೆ ಮಗುಚಿ ಹೊಸ ಪುಂಡಿ ಹಾಕಬಹುದು. ಹಳೆಯ ಪುಂಡಿ ಗಿಡಗಳನ್ನು ಕೀಳುವ ಅವಸರ ಬೇಡ, ಅವುಗಳಲ್ಲಿ ಇನ್ನೂ ಒಂದು ತಿಂಗಳ ಎಲೆ ಇರುತ್ತದೆ.